ಕಾಣದ ಗಾಳಿ, ಅಳೆಯದ ಕಾಲೊನಿ



ಮೊನ್ನೆ ನಮ್ಮ ಕಾಲೊನಿ ಜಗಲಿಯಲ್ಲಿ ಕೂತು ರೇಡಾನ್ ವಿಷಯ ತೆಗೆದೆ. ಒಬ್ರು ಅಣ್ಣ ನಕ್ಕರು: "ಕಣ್ಣಿಗ್ ಕಾಂತಿಲ್ಲೆ, ವಾಸ್ನಿ ಬತ್ತಿಲ್ಲೆ, ಹಾಂಗಾರೆ ಹೆದ್ರುದ್ ಎಂತಕ್ಕೆ?"

ನಾನು ಕೇಳಿದೆ, ಅಣ್ಣಾ, ಜಾತಿ ಕಣ್ಣಿಗೆ ಕಾಣ್ತದಾ? ಅದಕ್ಕೆ ವಾಸ್ನೆ ಇದ್ಯಾ? ಅಣ್ಣ ಸುಮ್ಮನಾದ್ರು.

ಕಲ್ಲು ಮಣ್ಣಿನಲ್ಲಿರುವ ಯುರೇನಿಯಂ ನಿಧಾನಕ್ಕೆ ಕ್ಷಯಿಸಿ ರೇಡಿಯಂ ಆಗ್ತದೆ, ರೇಡಿಯಂನಿಂದ ರೇಡಾನ್ ಅನಿಲ ಹುಟ್ತದೆ. ಬಯಲಲ್ಲಿ ಅದು ಹಾರಿಹೋಗ್ತದೆ. ನೆಲದ ಬಿರುಕಿನಿಂದ ಮುಚ್ಚಿದ ಕೋಣೆಗೆ ಬಂದು ನಿಂತರೆ ಶ್ವಾಸಕೋಶದ ಕ್ಯಾನ್ಸರಿಗೆ ದಾರಿ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೇಳಿದ ಮಟ್ಟ, ಒಂದು ಘನ ಮೀಟರ್ ಗಾಳಿಗೆ 100 ಬೆಕೆರೆಲ್. ಬೀಡಿ ಸಿಗರೇಟು ಸೇದುವವರಿಗೆ ರೇಡಾನಿನ ಅಪಾಯ ಸೇದದವರಿಗಿಂತ ಸುಮಾರು 25 ಪಟ್ಟು ಹೆಚ್ಚು.

ನನ್ನ ದೊಡ್ಡಪ್ಪ ಶ್ವಾಸಕೋಶದ ಕ್ಯಾನ್ಸರಿನಿಂದ ಹೋದರು. ಆಸ್ಪತ್ರೆಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ, "ಬೀಡಿ ಸೇದ್ತಿದ್ರಾ?" ಹೌದು ಅಂದೆವು, ಫೈಲು ಮುಚ್ಚಿತು. ಮಳೆಗಾಲದ ನಾಲ್ಕು ತಿಂಗಳು ಬಾಗಿಲು ಹಾಕಿಕೊಂಡು, ಒಂದೇ ಕಿಟಕಿಯ ಗ್ರಾಂಟಿನ ಮನೆಯಲ್ಲಿ ಎಂತ ಗಾಳಿ ಉಸಿರಾಡಿದರು ಅಂತ ಯಾರೂ ಕೇಳಲಿಲ್ಲ.

ಕರಾವಳಿ ತುಂಬಾ ರೇಡಾನ್ ಇದೆ ಅಂತ ನಾನು ಹೇಳ್ತಿಲ್ಲ. ಪಕ್ಕಪಕ್ಕದ ಎರಡು ಮನೆಯಲ್ಲೇ ಲೆಕ್ಕ ಬೇರೆ ಬರಬಹುದು. ಅದಕ್ಕೇ ಹೇಳೋದು, ನಮ್ಮ ಮನೆ ಅಳೆಯದೆ "ನಿಮಗೇನೂ ಇಲ್ಲ" ಅನ್ನೋ ಹಕ್ಕು ಯಾರಿಗೂ ಇಲ್ಲ. ಪೂರ್ವ ಕರ್ನಾಟಕದ 73 ಹಳ್ಳಿಗಳ ಅಂತರ್ಜಲ ಪರೀಕ್ಷಿಸಿದಾಗ 57ರಲ್ಲಿ ಯುರೇನಿಯಂ ಲೀಟರಿಗೆ 30 ಮೈಕ್ರೋಗ್ರಾಂ ಮಿತಿ ದಾಟಿತ್ತು. ಪರೀಕ್ಷೆ ಮಾಡಿದ್ದಕ್ಕೇ ಅದು ಗೊತ್ತಾಯ್ತು.

ಇನ್ನು ನೀರು. ತೆರೆದ ಬಾವಿಯಲ್ಲಿ ರೇಡಾನ್ ಗಾಳಿಗೆ ಬಿಟ್ಟುಹೋಗ್ತದೆ, ಬೋರ್‌ವೆಲ್ ನೀರಿನಲ್ಲಿ ಉಳಿಯುವುದು ಹೆಚ್ಚು. ಬಾವಿಕಟ್ಟೆ ಯಾರದ್ದಾಗಿತ್ತು, ಕಾಲೊನಿಗೆ ಕೊನೆಗೆ ಕೊಟ್ಟದ್ದು ಎಂತದು, ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಾಲೊನಿಗಳನ್ನು ಒಮ್ಮೆ ಸುತ್ತಿ ನೋಡಿ. 1927ರಲ್ಲಿ ಬಾಬಾಸಾಹೇಬರು ಮಹಾಡಿನಲ್ಲಿ ಕೆರೆ ನೀರು ಮುಟ್ಟಿದ್ದು ಹಕ್ಕಿಗಾಗಿ. ಆ ಹಕ್ಕಿನಲ್ಲಿ ಶುದ್ಧ ನೀರೂ ಸೇರಿದೆ, ಶುದ್ಧ ಗಾಳಿಯೂ ಸೇರಿದೆ.

ಕೆಲವರು ಹೇಳ್ತಾರೆ, "ಬೇಕಾದವರು ಕಿಟ್ ತರಿಸಿ ಟೆಸ್ಟ್ ಮಾಡ್ಲಿ." ಸ್ವಾಮಿ, ದಿನಗೂಲಿಯವರು ಅಕ್ಕಿ ತರಬೇಕಾ, ಕಿಟ್ ತರಬೇಕಾ? ಪಂಚಾಯ್ತಿಯ ನೀರಿನ ಕಿಟ್ಟಿನಲ್ಲಿ ಫ್ಲೋರೈಡ್, ನೈಟ್ರೇಟ್ ನೋಡ್ತಾರೆ. ರೇಡಾನ್ ಅದರಲ್ಲಿ ಸಿಗೋದಿಲ್ಲ. ಮನೆಯೊಳಗೆ ಮೂರು ತಿಂಗಳು ಒಂದು ಸಣ್ಣ ಫಿಲ್ಮ್ ಡಬ್ಬಿ ತೂಗುಹಾಕಿ, ಆಮೇಲೆ ಲ್ಯಾಬಿಗೆ ಕೊಟ್ಟರೆ ಲೆಕ್ಕ ಸಿಗ್ತದೆ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪರಿಸರ ವಿಕಿರಣದ ಸಂಶೋಧನಾ ಕೇಂದ್ರವೇ ಇದೆ. ಕೊಣಾಜೆಗೂ ಕಾಲೊನಿಗೂ ನಡುವೆ ದಾರಿ ಮಾಡೋದು ಸರ್ಕಾರದ ಕೆಲಸ.

ಮುಂದಿನ ಗ್ರಾಮಸಭೆಯಲ್ಲಿ ಮೂರು ಮಾತು ಕೇಳಿ, ನಡಾವಳಿಯಲ್ಲಿ ಬರೆಸಿ:

1. ದಲಿತ ಕಾಲೊನಿ, ಕೊರಗರ ಹಾಡಿ, ಅಂಗನವಾಡಿ, ಹಾಸ್ಟೆಲುಗಳಲ್ಲಿ ಉಚಿತ ರೇಡಾನ್ ಪರೀಕ್ಷೆ.
2. ಫಲಿತಾಂಶ ಕನ್ನಡದಲ್ಲಿ, ಆ ಮನೆಯವರ ಕೈಗೇ.
3. ಹೆಚ್ಚು ಬಂದರೆ ಬಿರುಕು ಮುಚ್ಚಿ ಕಿಟಕಿ ಹೆಚ್ಚಿಸುವ ಖರ್ಚು ಸರ್ಕಾರದ್ದು.

ಅಲ್ಲಿವರೆಗೆ ಮಳೆ ಬಿಟ್ಟಾಗೆಲ್ಲ ಕಿಟಕಿ ತೆಗೆದಿಡಿ, ಬೀಡಿ ಬಿಡಿ. ಆದ್ರೆ ಕಿಟಕಿ ತೆಗೆದೆವು ಅಂತ ಕೇಳೋದನ್ನು ಬಿಡಬೇಡಿ.