ಗುಡುಗಿದ್ದು ನೆಲ, ಜಾರಿದ್ದು ಗುಡ್ಡ

ಮಳೆಗಾಲದಲ್ಲಿ ಎಲ್ಲೋ ನೆಲ ಅದುರಿತು ಎಂಬ ಸುದ್ದಿ ಬಂದರೆ ಮೂಡಿಗೆರೆ ತಾಲ್ಲೂಕಿನ ಬಾಳೂರು ಹೋಬಳಿಯವರ ಕಣ್ಣು ಮೊದಲು ಹೋಗುವುದು ಮನೆ ಹಿಂದಿನ ಧರೆಯ ಕಡೆಗೆ. 2019ರ ಆಗಸ್ಟ್ 9ರಂದು ಇಲ್ಲಿನ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಕಾಫಿ ತೋಟ ಸಮೇತ ಇಳಿದು ಬಂತು. ಅದಕ್ಕೆ ಭೂಕಂಪ ಬೇಕಾಗಲಿಲ್ಲ, ಮಳೆಯೇ ಸಾಕಾಯಿತು. ಮನೆ ಕಳೆದುಕೊಂಡವರು ಪುನರ್ವಸತಿಗಾಗಿ ವರ್ಷಗಟ್ಟಲೆ ಅಲೆದರು.

2022ರ ಜೂನ್ ಕೊನೆಯ ವಾರ ಇನ್ನೂ ಹಲವರಿಗೆ ನೆನಪಿರಬೇಕು. 23ರ ನಸುಕಿನಲ್ಲಿ ಹೊಳೆನರಸೀಪುರದ ಕಡೆ 3.4 ತೀವ್ರತೆಯ ಕಂಪನ. 25ರ ಬೆಳಿಗ್ಗೆ ಸುಳ್ಯ–ಕೊಡಗು ಗಡಿಯಲ್ಲಿ 2.3. 28ರ ಬೆಳಿಗ್ಗೆ 7.45ಕ್ಕೆ ಕೊಡಗಿನ ಚೆಂಬು ಸುತ್ತಮುತ್ತ 3.0, ಅದೇ ಸಂಜೆ ಮತ್ತೊಂದು. ಜುಲೈ ಬಂದರೂ ನಿಲ್ಲಲಿಲ್ಲ. ಸಂಪಾಜೆ, ಪೆರಾಜೆ, ಗೂನಡ್ಕ, ಕರಿಕೆಯಲ್ಲಿ ಹೆಂಚು ಕಟಕಟ ಅಂದಿತು, ಪಾತ್ರೆ ಉರುಳಿದವು, ಗೋಡೆ ಬಿರುಕು ಬಿಟ್ಟವು. ಜನ ಮಳೆಯಲ್ಲೇ ಅಂಗಳಕ್ಕೆ ಓಡಿದರು. ಅಲುಗಾಟಕ್ಕಿಂತ ಅವರನ್ನು ಹೆದರಿಸಿದ್ದು ನೆಲದಡಿಯಿಂದ ಬಂದ ಗುಡುಗು.

ಆ ಸದ್ದು ಭ್ರಮೆಯಲ್ಲ. ನಮ್ಮ ಕಡೆಯ ಬಂಡೆ ಬಹಳ ಹಳೆಯದು, ಬಹಳ ಗಟ್ಟಿ. ಕಂಪನ ಕಡಿಮೆ ಆಳದಲ್ಲಿ ಹುಟ್ಟಿದಾಗ ಅದರ ಚುರುಕು ಅಲೆಗಳು ದಾರಿಯಲ್ಲಿ ಸೊರಗದೆ ಮೇಲೆ ಬಂದು, ಗಾಳಿಗೆ ದಾಟಿ, ಕಿವಿಗೆ ಬೀಳುತ್ತವೆ. ಚೆಂಬು–ಸಂಪಾಜೆ ಕಡೆಯ ನೆಲದ ರಚನೆಯೂ ಸರಳವಲ್ಲ. ಕೊಡಗಿನ ಶಿಲಾಖಂಡ ಮತ್ತು ಧಾರವಾಡ ಶಿಲಾಖಂಡ ಸುಮಾರು 300 ಕೋಟಿ ವರ್ಷಗಳ ಹಿಂದೆ ಬೆಸೆದುಕೊಂಡ ಪಟ್ಟಿಯೊಂದು ಆ ಭಾಗದಲ್ಲಿ ಹಾದುಹೋಗುತ್ತದೆ. ಭೂವಿಜ್ಞಾನಿಗಳು ಅದನ್ನು ಮರ್ಕೆರಾ ಶಿಯರ್ ಝೋನ್ ಎನ್ನುತ್ತಾರೆ. ಭಾರತದ ಭೂಫಲಕ ಉತ್ತರಕ್ಕೆ ಒತ್ತುತ್ತಲೇ ಇರುವುದರಿಂದ ಇಂಥ ಹಳೆಯ ಬಿರುಕುಗಳ ಮೇಲೆ ಒತ್ತಡ ತಪ್ಪಿದ್ದಲ್ಲ. ಮಳೆನೀರು ಅವುಗಳೊಳಗೆ ಇಳಿದು ಒತ್ತಡ ಹೆಚ್ಚಿಸಿದರೆ ಸಣ್ಣ ಕಂಪನಗಳ ಸರಣಿ ಏಳಬಹುದು ಎಂಬುದು ವಿಜ್ಞಾನಿಗಳು ಕೊಡುವ ಒಂದು ವಿವರಣೆ.

ಈ ಕಂಪನಗಳು ಎಷ್ಟು ಸಣ್ಣವು ಎಂಬುದಕ್ಕೆ ಒಂದು ಹೋಲಿಕೆ: 1993ರ ಸೆಪ್ಟೆಂಬರ್ 30ರ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪದ ತೀವ್ರತೆ 6.2. ಅದು ಹೊರಹಾಕಿದ ಶಕ್ತಿ ಚೆಂಬುವಿನ 3.0ರ ಸುಮಾರು 60 ಸಾವಿರ ಪಟ್ಟು. ಹಾಗಾಗಿ ಆತಂಕ ಬೇಡ ಎಂದ ಅಧಿಕಾರಿಗಳು ಸುಳ್ಳು ಹೇಳಲಿಲ್ಲ. ಆದರೆ ಅವರು ಹೇಳಿದ್ದು ಅರ್ಧ ಮಾತು. ಉಳಿದರ್ಧ ಹೇಳಿದ್ದು ಮಳೆ: 2022ರ ಆಗಸ್ಟ್ ಮೊದಲ ವಾರ ಸಂಪಾಜೆ ಬಳಿಯ ಕಲ್ಲುಗುಂಡಿ ಪೇಟೆಗೆ ಪಯಸ್ವಿನಿ ಹೊಳೆ ನುಗ್ಗಿತು.

ಮಲೆನಾಡಿನಲ್ಲಿ ಜೀವ ತೆಗೆಯುವುದು ಮಳೆ ಮತ್ತು ಧರೆ. 2018ರ ಜುಲೈನಲ್ಲಿ ಕೊಡಗಿನಲ್ಲಿ 3.4ರ ಕಂಪನವಾಗಿ, ಮರು ತಿಂಗಳು ಗುಡ್ಡಗಳು ಕುಸಿದಾಗ ಭೂಕಂಪವೇ ಕಾರಣ ಎಂಬ ಮಾತು ಹಬ್ಬಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ ಬೊಟ್ಟು ಮಾಡಿದ್ದು ವಿಪರೀತ ಮಳೆಯತ್ತ, ಮನುಷ್ಯ ಇಳಿಜಾರು ಕಡಿದದ್ದರತ್ತ. ತಪ್ಪನ್ನು ಭೂಕಂಪದ ತಲೆಗೆ ಕಟ್ಟಿದರೆ ರಸ್ತೆಗೆಂದು, ಹೋಂ ಸ್ಟೇಗೆಂದು ಗುಡ್ಡವನ್ನು ಗೋಡೆಯ ಹಾಗೆ ನೆಟ್ಟಗೆ ಸೀಳಿದವರನ್ನು ಯಾರೂ ಕೇಳುವುದಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿ.

ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದೆ. ಕಂಪನವಾದ ದಿನ ಅದರ ತೀವ್ರತೆ, ಆಳ, ಜೊತೆಗೆ ಆ ವಾರ ಬಿದ್ದ ಮಳೆ, ಇಷ್ಟನ್ನು ಪಂಚಾಯಿತಿ ಬಾಗಿಲಿಗೆ ಕನ್ನಡದಲ್ಲಿ ಅಂಟಿಸುವುದು ಕಷ್ಟದ ಕೆಲಸವಲ್ಲ. ಆಮೇಲೆ ಕಡಿದ ಧರೆಗಳನ್ನು ನಡೆದು ನೋಡಬೇಕು. ಸಿಲ್ವರ್ ಓಕ್ ಬುಡದಲ್ಲಿ ಕೈ ಹೋಗುವಷ್ಟು ಬಿರುಕು, ಒಂದೇ ಕಡೆಗೆ ವಾಲಿದ ಕಾಫಿ ಗಿಡದ ಸಾಲು, ನಿನ್ನೆ ಇಲ್ಲದೆ ಇವತ್ತು ಕೆಂಪಗೆ ಜಿನುಗುವ ಒರತೆ, ಇದ್ದಕ್ಕಿದ್ದಂತೆ ಚೌಕಟ್ಟಿಗೆ ಸಿಕ್ಕಿಕೊಳ್ಳುವ ಬಾಗಿಲು: ಇವು ಗುಡ್ಡ ಜಾರಬಹುದು ಎಂಬುದಕ್ಕೆ ಯಂತ್ರವಿಲ್ಲದೆ ಕಾಣುವ ಸೂಚನೆಗಳು.

ಕಂಡ ಮೇಲೆ ಜಾಗ ಖಾಲಿ ಮಾಡಲು ಎಲ್ಲರಿಗೂ ಆಗುವುದಿಲ್ಲ. ಧರೆಯಡಿಯ ಲೈನ್ ಮನೆಗಳಲ್ಲಿ ಮಲಗುವ ಕಾರ್ಮಿಕರಿಗೆ ಆ ಮನೆಯೂ ಸ್ವಂತದ್ದಲ್ಲ, ಹೋಗಲು ಬೇರೆ ಸೂರೂ ಇಲ್ಲ. ಆರಿದ್ರಾ ಮಳೆ ಹಿಡಿಯುವ ಮೊದಲೇ ತೋಟದ ಮಾಲೀಕರು ಅವರನ್ನು ಗೋದಾಮಿಗೋ ಶಾಲೆಗೋ ಸ್ಥಳಾಂತರಿಸುವ ಏರ್ಪಾಡು ಮಾಡಬೇಕು. ಮಾಡದಿದ್ದರೆ ತಹಶೀಲ್ದಾರರು ಮಾಡಿಸಬೇಕು.