ಸ್ಪ್ಲೆಂಡರೋ, ಶೈನೋ?
ಭತ್ತ ಮಾರಿದ ದುಡ್ಡು ಕೈಗೆ ಬಂದರೆ ಎಮ್ಮಿಗನೂರಿನ ಚಹಾದಂಗಡಿಯಲ್ಲಿ ಒಂದೇ ಚರ್ಚೆ, ಈ ವಾರವೂ ಅದೇ: ಬೈಕು ಕೊಳ್ಳುವುದಾದರೆ ಹೀರೋದ ಸ್ಪ್ಲೆಂಡರ್ ಪ್ಲಸ್ ಒಳ್ಳೇದೋ, ಹೋಂಡಾದ ಶೈನ್ 100 ಒಳ್ಳೇದೋ? 1984ರಲ್ಲಿ ಕೂಡಿದ್ದ ಹೀರೋ ಮತ್ತು ಹೋಂಡಾ 2010ರ ಡಿಸೆಂಬರಿನಲ್ಲಿ ಬೇರೆಯಾಗಲು ಒಪ್ಪಿದವು. ಹಿಸ್ಸೆಯಾದ ಅಣ್ಣತಮ್ಮಂದಿರ ಮಕ್ಕಳಂತೆ ಈ ಎರಡು ಗಾಡಿಗಳಿಗೂ ಒಂದೇ ಹೋಲಿಕೆ. ಒಂದು 97.2 ಸಿಸಿ, ಇನ್ನೊಂದು 98.98. ಹೀಗಿರುವಾಗ ಮೈಲೇಜಿನ ಜಗಳ ನನಗೆ ಹಿಡಿಸದು. ನೋಡಬೇಕಾದದ್ದು ಟೈರು. ಕಾಲುವೆ ದಂಡೆಯಲ್ಲಿ ಬಳ್ಳಾರಿ ಜಾಲಿಯ ಮುಳ್ಳು ಚುಚ್ಚಿದರೆ ಟ್ಯೂಬಿನ ಟೈರು ಅಲ್ಲೇ ಕೂತುಬಿಡುತ್ತದೆ. ಟ್ಯೂಬ್‌ಲೆಸ್ ಆದರೆ ಗಾಳಿ ಮೆಲ್ಲಗೆ ಇಳಿಯುತ್ತದೆ, ಪಂಕ್ಚರ್ ಅಂಗಡಿಯವರೆಗಾದರೂ ಮುಟ್ಟಬಹುದು. ಸ್ಪ್ಲೆಂಡರ್‌ಗೆ ಅದಿದೆ, 2023ರಲ್ಲಿ ಶೈನ್ 100 ಬಂದದ್ದು ಟ್ಯೂಬಿನೊಂದಿಗೆ. ತೂಕದಲ್ಲಿ ಮಾತ್ರ ಶೈನ್ ಗೆಲ್ಲುತ್ತದೆ: ಅದು 99 ಕೆಜಿ, ಸ್ಪ್ಲೆಂಡರ್ 112. ಕೆಸರಿನಲ್ಲಿ ಗಾಡಿ ತಳ್ಳುವ ಹೆಣ್ಣುಮಕ್ಕಳಿಗೆ, ವಯಸ್ಸಾದವರಿಗೆ 13 ಕೆಜಿ ಸಣ್ಣ ಮಾತಲ್ಲ, ಅವರು ಅದನ್ನೇ ಕೊಳ್ಳಲಿ. ಆದರೆ ನಾಟಿಯ ಹೊತ್ತಿನಲ್ಲಿ ಗಾಡಿ ಕೆಟ್ಟರೆ ಒಂದು ದಿನದ ಕೆಲಸವೇ ಹೋಯಿತು. 1994ರಿಂದ ಓಡುತ್ತಿರುವ ಸ್ಪ್ಲೆಂಡರನ್ನು ಬಿಚ್ಚಿ ಕೂಡಿಸಲು ಬಾರದ ಮೆಕ್ಯಾನಿಕ್ ನಮ್ಮ ಕಡೆ ಇಲ್ಲ, ಕ್ಲಚ್ ಪ್ಲೇಟಿಗೆ ಹೊಸಪೇಟೆಗೆ ಓಡಬೇಕಾಗಿಲ್ಲ. ದಿನಾ ಗೊಬ್ಬರದ ಚೀಲ ಹೇರಿಕೊಂಡು ಹೊಲಕ್ಕೆ ಹೋಗುವವರು ಸ್ಪ್ಲೆಂಡರನ್ನೇ ತಗೊಳ್ಳಿ.