ಸೀತಾಫಲ: ಕೆಡುವ ಹಣ್ಣಿನ ಲೆಕ್ಕ, ಉಳಿಯುವ ತಿರುಳಿನ ಲಾಭ

ಪಿಯರ್ ಹಣ್ಣಿನ ತೋಟ ನಮ್ಮ ಭಾಗದಲ್ಲಿ ಲಾಭದಾಯಕವಾದೀತೇ ಎಂದು ಕೆಲವು ವರ್ತಕ ಮಿತ್ರರು ವಿಚಾರಿಸುತ್ತಾರೆ. ಏಷ್ಯಾದ ಪಿಯರ್ ಜಾತಿಯ 'ಪತ್ಥರ್‌ನಾಖ್' ತಳಿ ಪಂಜಾಬಿನ ಬಯಲಿನಲ್ಲಿಯೂ ಬೆಳೆಯುವುದು ನಿಜ. ಆದರೆ ಆ ಮರಕ್ಕೆ ಚಳಿಗಾಲದ ವಿಶ್ರಾಂತಿ ಬೇಕು. ಹುಮನಾಬಾದ್, ಬಸವಕಲ್ಯಾಣಗಳಲ್ಲಿ ಅಂತಹ ಚಳಿಯ ಭರವಸೆಯಿಲ್ಲ. ವ್ಯಾಪಾರಿಗೆ ಪಿಯರ್ ಪ್ರಿಯವಾಗುವುದು ಅದು ಶೈತ್ಯಾಗಾರದಲ್ಲಿ ತಿಂಗಳುಗಟ್ಟಲೆ ಉಳಿಯುವುದರಿಂದ.

ನಮ್ಮ ಸೀತಾಫಲಕ್ಕೆ ಆ ಗುಣವಿಲ್ಲ. ಕಲ್ಲುನೆಲದಲ್ಲಿಯೂ ಬೆಳೆಯುವ ಈ ಗಿಡದ ಎಲೆಯನ್ನು ಮೇಕೆಯೂ ಮುಟ್ಟದು. ಆದರೆ ಬಲಿತು ಕಿತ್ತ ಕಾಯಿ ಮೂರು-ನಾಲ್ಕು ದಿನಗಳಲ್ಲಿ ಮಾಗಿ ಮೆತ್ತಗಾಗುತ್ತದೆ. ಅತಿ ತಂಪಿನಲ್ಲಿಟ್ಟರೆ ಸಿಪ್ಪೆ ಕಪ್ಪಾಗುತ್ತದೆ. ಆದ್ದರಿಂದ ಸಂಜೆಯಾಗುತ್ತಲೇ ಬಂದ ಬೆಲೆಗೆ ಬುಟ್ಟಿಯನ್ನು ಬಿಟ್ಟುಕೊಡಬೇಕಾಗುತ್ತದೆ. ಗುಡ್ಡ ಹತ್ತಿ ಹಣ್ಣು ತಂದವರಿಗೆ ಕೂಲಿಯೂ ಗಿಟ್ಟದು.

ಲೆಕ್ಕಪರಿಶೋಧಕನಾಗಿ ನಾನು ಕಂಡ ದೋಷವೊಂದಿದೆ. ಖರೀದಿ ದರ ಖಾತೆಯಲ್ಲಿರುತ್ತದೆ, ಕೆಟ್ಟ ಮಾಲು ಇರುವುದಿಲ್ಲ. ನೂರು ರೂಪಾಯಿಯ ಮಾಲಿನಲ್ಲಿ ಇಪ್ಪತ್ತು ರೂಪಾಯಿಯದು ಕೆಟ್ಟರೆ, ಅಸಲು ಮರಳಲು ಉಳಿದುದನ್ನು ಶೇ. 25ರಷ್ಟು ಏರಿಸಿ ಮಾರಬೇಕು; ನಲವತ್ತರದು ಕೆಟ್ಟರೆ ಸುಮಾರು ಶೇ. 67ರಷ್ಟು.

ಇದಕ್ಕೆ ಪರಿಹಾರ ತಿರುಳು. ಸೀತಾಫಲದ ತಿರುಳನ್ನು ಕಾಯಿಸಿದರೆ ಕಹಿಯಾಗುವುದರಿಂದ ಮಾವಿನ ರಸದಂತೆ ಬಿಸಿಮಾಡಿ ಡಬ್ಬಿಗೆ ತುಂಬುವಂತಿಲ್ಲ. ಬೀಜವನ್ನು ಜಜ್ಜದೆ ಬೇರ್ಪಡಿಸಿ, ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿನ ಶೈತ್ಯದಲ್ಲಿ ಇಡಬೇಕು. ಐಸ್‌ಕ್ರೀಂ ಹಾಗೂ ಬಾಸುಂದಿ ತಯಾರಕರು ಇದರ ಸಹಜ ಗ್ರಾಹಕರು. ಐಸ್‌ಕ್ರೀಂ ಮೇಲಿನ ಜಿಎಸ್‌ಟಿಯು 2025ರ ಸೆಪ್ಟೆಂಬರ್ 22ರಿಂದ ಶೇ. 18ರಿಂದ 5ಕ್ಕೆ ಇಳಿದಿರುವುದು ಗಮನಾರ್ಹ. ಆದರೆ ತಾಜಾ ಹಣ್ಣಿಗಿರುವ ತೆರಿಗೆ ವಿನಾಯಿತಿ ತಿರುಳಿಗೂ ಇದೆಯೆಂದು ಭಾವಿಸದೆ, ಮೊದಲೇ ವರ್ಗೀಕರಣವನ್ನು ಖಚಿತಪಡಿಸಿಕೊಳ್ಳಬೇಕು.

ಹುಮನಾಬಾದಿಗೆ ರಾಷ್ಟ್ರೀಯ ಹೆದ್ದಾರಿ 65 ಇದೆ. 2017ರಲ್ಲಿ ಬೀದರ್–ಕಲಬುರಗಿ ರೈಲುಮಾರ್ಗವೂ ಬಂದಿದೆ. ಬಸವಕಲ್ಯಾಣದಲ್ಲಿ ಲಾರಿ ಉದ್ಯಮವಿದೆ. ಒಬ್ಬೊಬ್ಬರಿಗೆ ಭಾರವಾಗುವ ಘಟಕವನ್ನು ಎರಡೂ ಊರಿನ ವರ್ತಕರು ಪಾಲುದಾರಿಕೆಯಲ್ಲಿ ಆರಂಭಿಸಬಹುದು. ಸುಗ್ಗಿ ಕೆಲವೇ ತಿಂಗಳದ್ದಾದ್ದರಿಂದ ಉಳಿದ ಅವಧಿಗೆ ಮಾವು, ಪೇರಲಗಳನ್ನೂ ಯೋಜನೆಯಲ್ಲಿ ಸೇರಿಸಬೇಕು. ವಿದ್ಯುತ್ ಮತ್ತು ಜನರೇಟರ್ ವೆಚ್ಚವನ್ನು ಮರೆಯಬಾರದು. ಬದುಗಳಲ್ಲಿ ನೆಡಲು ಬಾಳಾನಗರ ತಳಿಯೂ, ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ, ನಿಧಾನವಾಗಿ ಮಾಗುವ 'ಅರ್ಕಾ ಸಹನ್' ತಳಿಯೂ ಇವೆ.

ಕಾಯಕಕ್ಕೆ ಹೆಸರಾದ ನೆಲ ನಮ್ಮದು. ಹಣ್ಣು ಆಯ್ದು ತಂದವರ ಕಾಯಕಕ್ಕೆ ತಕ್ಕ ಬೆಲೆ ಕೊಟ್ಟ ನಂತರವೂ ಲಾಭ ಉಳಿಯುವಂತಹ ಲೆಕ್ಕವನ್ನು ಸದಸ್ಯ ಬಾಂಧವರು ಮುಂದಿನ ಸುಗ್ಗಿಗೆ ಮುನ್ನವೇ ಸಿದ್ಧಪಡಿಸಬೇಕೆಂಬುದು ನನ್ನ ವಿನಂತಿ.